ಚಂದ್ರಭಾಗೆಯ ದಡದಲ್ಲಿ ಒಂದು ಕಾಲುಚೀಲ

ಯಾತ್ರೆಗೆ ಹೊರಡುವವರು ಮನಸ್ಸಿನಲ್ಲಿ ಒಂದು ಉದ್ದೇಶವನ್ನಿಟ್ಟುಕೊಂಡು ಹೊರಡುವುದೂ, ಹಿಂದಿರುಗುವಾಗ ಬೇರೊಂದು ಫಲವನ್ನು ತರುವುದೂ ಲೋಕದಲ್ಲಿ ಹೊಸತಲ್ಲ. ನಾವು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಗೆ ಹೋದದ್ದು ಎರಡು ನದಿಗಳ ಸಂಗಮವನ್ನೂ ಒಬ್ಬ ನಿಘಂಟುಕಾರನು ಬಾಳಿದ ಊರನ್ನೂ ನೋಡಬೇಕೆಂದು. ತಂದದ್ದು ಒಂದು ಜೊತೆ ಉಣ್ಣೆಯ ಕಾಲುಚೀಲವನ್ನು. ಆ ಜೊತೆಯಲ್ಲಿ ಒಂದರ ಹಿಮ್ಮಡಿ ಈ ಬರೆಯುವ ಕೈಯೇ ಹೆಣೆದದ್ದು. ಇದನ್ನು ಹೇಳಿಕೊಳ್ಳುವುದರಲ್ಲಿ ನಮಗೆ ಹೆಮ್ಮೆಯೂ ಉಂಟು, ನಾಚಿಕೆಯೂ ಉಂಟು. ಎರಡಕ್ಕೂ ಕಾರಣವೇನೆಂಬುದನ್ನು ವಾಚಕರ ಮುಂದೆ ಇಡುತ್ತೇವೆ.

ಮೂವತ್ತನಾಲ್ಕು ವರ್ಷಕಾಲ ಮಕ್ಕಳಿಗೆ ಶಬ್ದರೂಪ, ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತರಾದವರು ನಾವು. ಚಿತ್ರದುರ್ಗದ ಸೀಮೆಯ ಬಿಸಿಲೂರು ನಮ್ಮದು. ಅಲ್ಲಿ ಕಂಬಳಿಯ ಮಾತು ಎಲ್ಲರಿಗೂ ಗೊತ್ತು, ಕಾಲುಚೀಲದ ಮಾತು ಯಾರಿಗೂ ಬೇಡ. ಆದರೆ ನಮ್ಮ ಮನೆಯವರ ತೌರು ಮಡಿಕೇರಿ. ಮಂಜು ಮಳೆಗಳ ಆ ಊರಿನಲ್ಲಿ ಬಾಲ್ಯದಲ್ಲಿಯೇ ಅವರು ತಮ್ಮ ತಾಯಿಯವರಿಂದ ಉಣ್ಣೆಯ ಹೆಣಿಗೆಯನ್ನು ಕಲಿತಿದ್ದರು. ಮಗಳು ಮದುವೆಯಾಗಿ ಕೆನಡಾ ದೇಶಕ್ಕೆ ಹೋದ ಮೇಲೆ ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ಒಂದು ಜೊತೆ ಕಾಲುಚೀಲ ಅವಳಿಗೆ ಅಂಚೆಯಲ್ಲಿ ಹೋಗುವುದು ಮನೆಯ ಪದ್ಧತಿಯಾಗಿತ್ತು. ನಾವು ವಿಳಾಸ ಬರೆಯುತ್ತಿದ್ದೆವು. ಆ ಕೆಲಸದಲ್ಲಿ ನಮ್ಮ ಪಾಲು ಅಷ್ಟೇ.

ಎರಡು ವರ್ಷದಿಂದ ಅವರ ಕಣ್ಣು ಕೆಡುತ್ತ ಬಂದಿದೆ. ಕನ್ನಡಕದಿಂದ ಸರಿಹೋಗುವ ದೋಷವಲ್ಲ. ಒಳಪರೆಯ ನಡುಭಾಗವೇ ಸವೆಯುತ್ತಿದೆ ಎಂದು ವೈದ್ಯರು ಹೇಳಿದರು. ಸುತ್ತಲಿನದು ಕಾಣುತ್ತದೆ, ನೇರವಾಗಿ ನೋಡಿದ್ದು ಮಸುಕಾಗುತ್ತದೆ. ಕಳೆದ ಬಾರಿ ಒಂದು ಕಾಲುಚೀಲ ಹೇಗೋ ಮುಗಿಯಿತು. ಎರಡನೆಯದು ಹಿಮ್ಮಡಿಯ ಹತ್ತಿರ ಬಂದು ನಿಂತಿತು. “ಕಾಲಿನ ಭಾಗ ಕೈಗೇ ತಿಳಿಯುತ್ತದೆ. ಹಿಮ್ಮಡಿಗೆ ಬಂದರೆ ಕುಣಿಕೆಗಳನ್ನು ಎಣಿಸಬೇಕು. ಎಣಿಸುವುದಕ್ಕೆ ಕಣ್ಣು ಬೇಕು” ಎಂದಷ್ಟೇ ಹೇಳಿ ಅವರು ಅದನ್ನು ಕಡ್ಡಿಗಳ ಸಮೇತ ಬಟ್ಟೆಯಲ್ಲಿ ಸುತ್ತಿ ಇಟ್ಟರು. ಆ ವರ್ಷ ದೀಪಾವಳಿಗೆ ಅಂಚೆ ಹೋಗಲಿಲ್ಲ. ಕಣ್ಣು ಇನ್ನೂ ಇಷ್ಟಾದರೂ ಇರುವಾಗ ಹಿಮಾಲಯವನ್ನು ಒಮ್ಮೆ ನೋಡಿಬಿಡೋಣ ಎಂದು ೨೦೨೪ನೆಯ ಇಸವಿಯ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ನಾವಿಬ್ಬರೂ ಹೊರಟೆವು. ಸುತ್ತಿಟ್ಟಿದ್ದ ಆ ಗಂಟನ್ನು ಅವರು ಪೆಟ್ಟಿಗೆಯಲ್ಲಿ ಹಾಕಿಕೊಂಡದ್ದು ನಮಗೆ ತಿಳಿಯದು.

ದೆಹಲಿಯಿಂದ ಮನಾಲಿಯವರೆಗಿನ ದಾರಿಯನ್ನು ವರ್ಣಿಸಿ ವಾಚಕರನ್ನು ದಣಿಸುವುದಿಲ್ಲ. ಕುಲ್ಲೂ ಕಣಿವೆಯ ಉದ್ದಕ್ಕೂ ಬಿಯಾಸ್ ನದಿ ಜೊತೆಗಿರುತ್ತದೆ. ವೇದದ ವಿಪಾಶೆ ಅದೇ. ಮನಾಲಿಯಾಚೆ ಅಡ್ಡ ನಿಂತಿರುವ ರೋಹ್ತಾಂಗ್ ಘಾಟಿಯ ಎತ್ತರ ೩,೯೭೮ ಮೀಟರು. ಹಿಂದೆ ಹಿಮ ಬಿದ್ದಿತೆಂದರೆ ವರ್ಷದಲ್ಲಿ ಸುಮಾರು ಆರು ತಿಂಗಳು ಆ ಬಾಗಿಲು ಮುಚ್ಚಿ, ಲಾಹೌಲಿನ ಜನ ಲೋಕದಿಂದ ಬೇರೆಯಾಗಿಬಿಡುತ್ತಿದ್ದರು. ೨೦೨೦ರ ಅಕ್ಟೋಬರ್ ೩ರಂದು ತೆರೆದ ಅಟಲ್ ಸುರಂಗವು ಬೆಟ್ಟದ ಹೊಟ್ಟೆಯಲ್ಲಿ ೯ ಕಿಲೋಮೀಟರಿಗಿಂತ ತುಸು ಹೆಚ್ಚು ಉದ್ದಕ್ಕೆ ಸಾಗುತ್ತದೆ. ಕಾಲು ಗಂಟೆಯೊಳಗೆ ಆಚೆಯ ಬಾಯಿ ಬರುತ್ತದೆ. ಈಚೆ ದೇವದಾರುಗಳ ಹಸುರು, ಮೋಡ, ತೇವ. ಆಚೆ ಬೋಳು ಬೆಟ್ಟ, ನೀಲಿಯ ಆಕಾಶ, ಒಣಗಾಳಿ. ಒಂದು ಪುಟವನ್ನು ಮಗುಚಿ ಬೇರೊಂದು ಗ್ರಂಥವನ್ನೇ ತೆರೆದಂತಾಯಿತು. ಕೆಳಗೆ ಬೂದುಬಣ್ಣದ ಚಂದ್ರಾ ನದಿ ಹರಿಯುತ್ತಿತ್ತು. ಹೊಲಗಳಲ್ಲಿ ಆಲೂಗೆಡ್ಡೆ ಅಗೆಯುವ ಕೆಲಸ ನಡೆದಿತ್ತು.

ತಾಂಡಿ ಎಂಬಲ್ಲಿ ಚಂದ್ರೆಯೂ ಭಾಗೆಯೂ ಕೂಡುತ್ತವೆ. ಎರಡೂ ಹುಟ್ಟುವುದು ಬಾರಾಲಾಚಾ ಘಾಟಿಯ ಎರಡು ಮಗ್ಗುಲುಗಳಲ್ಲಿ. ಬೆನ್ನು ತಿರುಗಿಸಿ ಹೊರಟವು ಬೆಟ್ಟಗಳನ್ನು ಬಳಸಿಕೊಂಡು ಬಂದು ಇಲ್ಲಿ ಮುಖಾಮುಖಿಯಾಗುತ್ತವೆ. ಚಂದ್ರನ ಮಗಳು, ಸೂರ್ಯನ ಮಗ ಎಂದೂ, ಪರಸ್ಪರ ಒಲಿದವರೆಂದೂ ಅಲ್ಲಿನ ಜನ ಕಥೆ ಹೇಳುತ್ತಾರೆ. ಕೂಡಿದ ಮೇಲಿನ ಹೆಸರು ಚಂದ್ರಭಾಗಾ. ಮುಂದೆ ಸಾಗಿದ ಮೇಲೆ ಚಿನಾಬ್. ಋಗ್ವೇದದ ನದೀಸೂಕ್ತದಲ್ಲಿ ಅಸಿಕ್ನೀ. ಅಸಿತವೆಂದರೆ ಕಪ್ಪು, ಅಸಿಕ್ನೀ ಎಂದರೆ ಕಪ್ಪು ನೀರಿನವಳು. ಎಷ್ಟು ವರ್ಷ ಕರಿಹಲಗೆಯ ಮೇಲೆ ಬರೆದ ಹೆಸರು ಅದು! ದಡದಲ್ಲಿ ನಿಂತು ಆಚಮನ ಮಾಡಿ ಕಣ್ತುಂಬ ನೋಡಿದೆವು. ಮನೆಯವರು, “ಎರಡು ಬಣ್ಣ ಕಾಣುತ್ತದೆಯೇ?” ಎಂದು ಕೇಳಿದರು. ಕಾಣುತ್ತದೆ ಎಂದೆವು. “ನನಗೆ ಸದ್ದು ಎರಡಾಗಿ ಕೇಳುತ್ತಿದೆ” ಎಂದರು. ಆ ಮಾತನ್ನು ನಾವು ಆಗ ಅಷ್ಟಾಗಿ ಮನಸ್ಸಿಗೆ ತಂದುಕೊಳ್ಳಲಿಲ್ಲ.

ಅಲ್ಲಿಂದ ಏಳೆಂಟು ಕಿಲೋಮೀಟರು ಭಾಗೆಯ ಕಣಿವೆಯಲ್ಲಿ ಮೇಲೇರಿದರೆ ಕೇಲಾಂಗ್. ಜಿಲ್ಲೆಯ ಮುಖ್ಯ ಪಟ್ಟಣವಾದರೂ ಇಳಿಜಾರಿಗೆ ಅಂಟಿಕೊಂಡ ಸಣ್ಣ ಊರು; ಇಕ್ಕಟ್ಟಾದ ಒಂದು ಪೇಟೆ ಬೀದಿ, ಇದಿರು ಬೆಟ್ಟದ ಮೇಲೆ ಕಾರ್ದಾಂಗ್ ಬೌದ್ಧವಿಹಾರ. ಇಲ್ಲಿಗೆ ೧೮೫೦ರ ದಶಕದಲ್ಲಿ ಜರ್ಮನಿಯ ಮೊರೇವಿಯನ್ ಪಾದ್ರಿಗಳು ಬಂದರು. ಅವರಲ್ಲಿ ಹೈನ್ರಿಖ್ ಆಗಸ್ಟ್ ಯೇಶ್ಕೆ ಎಂಬಾತ ೧೮೫೭ರಿಂದ ಸುಮಾರು ಹತ್ತು ವರ್ಷ ಇಲ್ಲಿದ್ದು ಟಿಬೆಟ್ಟಿನ ಭಾಷೆಯನ್ನು ಅಭ್ಯಾಸಮಾಡಿದ. ೧೮೮೧ರಲ್ಲಿ ಅಚ್ಚಾದ ಆತನ ನಿಘಂಟನ್ನು ಇಂದಿಗೂ ವಿದ್ವಾಂಸರು ಬಿಟ್ಟಿಲ್ಲ. ಆ ಪದಸಂಗ್ರಾಹಕನು ಉಸಿರಾಡಿದ ಗಾಳಿಯನ್ನು ನಾವೂ ಒಮ್ಮೆ ಉಸಿರಾಡಬೇಕೆಂಬುದು ನಮ್ಮ ಬಹುಕಾಲದ ಆಸೆ.

ಆದರೆ ಕೇಲಾಂಗಿನಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು ಪದಗಳಲ್ಲ, ಕೈಗಳು. ಬಿಸಿಲು ಬಿದ್ದ ಜಗಲಿಗಳ ಮೇಲೆ, ಅಂಗಡಿಗಳ ಮುಂದೆ ಕುಳಿತಿದ್ದ ಹೆಂಗಸರ ಕೈಯಲ್ಲೆಲ್ಲ ಹೆಣಿಗೆಯ ಕಡ್ಡಿಗಳು. ಮಾತು ನಿಲ್ಲುವುದಿಲ್ಲ, ಬೆರಳೂ ನಿಲ್ಲುವುದಿಲ್ಲ. ಕೆಂಪು, ಹಳದಿ, ಹಸುರು, ಕಪ್ಪು ಎಳೆಗಳ ಚೌಕ ತ್ರಿಕೋನಗಳು ಕಾಲುಚೀಲದ ಮೇಲೆ ರಂಗವಲ್ಲಿಯಂತೆ ಏಳುತ್ತವೆ. ವಿಚಾರಿಸಲಾಗಿ, ಇದಕ್ಕೂ ಆ ಪಾದ್ರಿಗಳ ಮನೆಗೂ ಸಂಬಂಧವುಂಟೆಂದು ತಿಳಿಯಿತು. ಯೇಶ್ಕೆಯ ಜೊತೆಗಾರನಾದ ಹೈಡೆಯ ಹೆಂಡತಿ ಮರಿಯಾ ಹೈಡೆ ಎಂಬಾಕೆ ೧೮೫೯ರಲ್ಲಿ ಇಲ್ಲಿಗೆ ಬಂದು, ಊರಿನ ಹೆಂಗಸರನ್ನು ಕೂಡಿಸಿ ಹೆಣಿಗೆಯನ್ನು ಕಲಿಸಿದಳು. ಗಂಡಹೆಂಡಿರು ಸುಮಾರು ನಲವತ್ತು ವರ್ಷ ಈ ಕಣಿವೆಯಲ್ಲಿದ್ದರು. ಕುರಿಯ ಉಣ್ಣೆ ಇಲ್ಲಿ ಮೊದಲೇ ಇತ್ತು. ಅದನ್ನು ನೂಲುವ ಕೈಗಳೂ ಇದ್ದುವು. ಆರು ತಿಂಗಳ ಹಿಮವೂ, ಅದರಿಂದ ಒದಗುವ ಬಿಡುವೂ ಇದ್ದುವು. ಕೊರತೆಯಾಗಿದ್ದದ್ದು ಈ ಒಂದು ಉಪಾಯ ಮಾತ್ರ. ಅದು ದೊರೆತ ಮೇಲೆ ಜನ ಅದನ್ನು ತಮ್ಮದಾಗಿಯೇ ಮಾಡಿಕೊಂಡರು. ಲಾಹೌಲಿನ ಕೈಹೆಣಿಗೆಯ ಕಾಲುಚೀಲ ಮತ್ತು ಕೈಗವಸುಗಳಿಗೆ ೨೦೨೧ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಯೇಶ್ಕೆಯ ನಿಘಂಟು ಪುಸ್ತಕದ ಕಪಾಟುಗಳಲ್ಲಿದೆ; ಮರಿಯಾಳ ಪಾಠ ಬೀದಿಬೀದಿಯಲ್ಲಿದೆ. ಇದು ನಮ್ಮ ವೃತ್ತಿಯವರ ಗರ್ವಕ್ಕೆ ಬಿದ್ದ ಮೊದಲ ಪೆಟ್ಟು.

ನಾವು ಇಳಿದುಕೊಂಡ ಮನೆಯ ಯಜಮಾನಿ ಎಪ್ಪತ್ತು ದಾಟಿದ ಮುದುಕಿ. ನಮಗೂ ಆಕೆಗೂ ಹಿಂದಿಯೇ ಸೇತುವೆ. ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಕುಳಿತು ಆಕೆ ಹೆಣೆಯುತ್ತಿದ್ದಾಗ, ಮನೆಯವರು ಒಳಗೆ ಹೋಗಿ ತಮ್ಮ ಗಂಟನ್ನು ತಂದು ಬಿಚ್ಚಿದರು. ಮುದುಕಿ ಅದನ್ನು ತಿರುಗಿಸಿ, ಬಾಯಿಪಟ್ಟಿಯನ್ನು ಎಳೆದು ಬಿಟ್ಟು, “ಒಳ್ಳೆಯ ಕೈ. ಇಲ್ಲಿ ಏಕೆ ನಿಲ್ಲಿಸಿದಿರಿ, ಬಹನ್‌ಜೀ?” ಎಂದಳು. ಮನೆಯವರು ತಮ್ಮ ಕಣ್ಣನ್ನು ಮುಟ್ಟಿ ತೋರಿಸಿದರು.

ಇಲ್ಲಿ, ಹೆಣಿಗೆಯ ಪರಿಚಯವಿಲ್ಲದ ವಾಚಕರಿಗೆ ನಾಲ್ಕು ಮಾತು ಹೇಳಬೇಕು. ನೇಯ್ಗೆಯಲ್ಲಿ ಹಾಸು, ಹೊಕ್ಕು ಎಂದು ಎರಡು ಎಳೆ; ವೇದದಲ್ಲಿ ಇವಕ್ಕೆ ತಂತು, ಓತು ಎಂಬ ಹೆಸರುಂಟು. ಹೆಣಿಗೆಯಲ್ಲಿ ಮೊದಲಿಂದ ಕೊನೆಯವರೆಗೆ ಒಂದೇ ಎಳೆ. ಅದು ಕುಣಿಕೆಯೊಳಗಿಂದ ಕುಣಿಕೆಯಾಗಿ ಹಾದುಬರುತ್ತದೆ. ಆದುದರಿಂದಲೇ ನೇಯ್ದ ಬಟ್ಟೆ ಹಿಗ್ಗದು, ಹೆಣೆದದ್ದು ಹಿಗ್ಗಿ ಕುಗ್ಗಿ ಕಾಲನ್ನು ಅಪ್ಪಿಕೊಳ್ಳುವುದು. ಕಾಲುಚೀಲಕ್ಕೆ ಎರಡು ತುದಿಯೂ ಚೂಪಾದ ಐದು ಕಡ್ಡಿ ಬೇಕು. ನಾಲ್ಕರ ಮೇಲೆ ಕುಣಿಕೆಗಳು ನಿಲ್ಲುತ್ತವೆ, ಐದನೆಯದು ಕೆಲಸ ಮಾಡುತ್ತದೆ. ನಮ್ಮ ಮನೆಯವರ ಲೆಕ್ಕ ಸುತ್ತಿಗೆ ೪೮ ಕುಣಿಕೆ. ಎರಡು ಸೀದಾ, ಎರಡು ಉಲ್ಟಾ ಹಾಕಿ ಬಾಯಿಪಟ್ಟಿ. ಆಮೇಲೆ ಸುತ್ತಿ ಸುತ್ತಿ ಕೊಳವೆಯಂತೆ ಕಾಲಿನ ಭಾಗ. ಇಷ್ಟಕ್ಕೆ ಅಭ್ಯಾಸ ಸಾಕು.

ಕಷ್ಟವಿರುವುದು ಹಿಮ್ಮಡಿಯಲ್ಲಿ. ನೆಟ್ಟಗೆ ಇಳಿದು ಬಂದ ಕೊಳವೆ ಅಲ್ಲಿ ಮುಂದಕ್ಕೆ ತಿರುಗಬೇಕು. ಕತ್ತರಿಯಿಲ್ಲ, ಹೊಲಿಗೆಯಿಲ್ಲ, ಒಂದೇ ಎಳೆ ಬಟ್ಟಲಿನ ಆಕಾರ ತಾಳಬೇಕು. ಅರ್ಧ ಕುಣಿಕೆಗಳನ್ನು, ಎಂದರೆ ೨೪ನ್ನು, ಸುಮ್ಮನೆ ಬಿಟ್ಟು, ಉಳಿದ ೨೪ರ ಮೇಲೆ ಹಿಂದಕ್ಕೂ ಮುಂದಕ್ಕೂ ೨೪ ಸಾಲು ಹೆಣೆದರೆ ಒಂದು ಪಟ್ಟಿಯಾಗುತ್ತದೆ. ಆಮೇಲೆ ೧೪ ಕುಣಿಕೆ ಹೆಣೆದು, ಮುಂದಿನ ಎರಡನ್ನು ಒಂದಾಗಿಸಿ, ಮತ್ತೊಂದು ಹೆಣೆದು, ಸಾಲು ಮುಗಿಯುವ ಮೊದಲೇ ಹಿಂದಿರುಗಬೇಕು. ಆ ಕಡೆಯಿಂದಲೂ ಹಾಗೆಯೇ ನಡುವೆ ತಿರುಗಬೇಕು. ಪ್ರತಿ ಸಾಲಿನಲ್ಲಿಯೂ ಒಂದೊಂದು ಹೆಜ್ಜೆ ಮುಂದೆ ಹೋಗುತ್ತ ಕೊನೆಗೆ ೧೪ ಕುಣಿಕೆ ಉಳಿಯುವಾಗ ನೋಡಿದರೆ ಬಟ್ಟಲು ಸಿದ್ಧವಾಗಿರುತ್ತದೆ. ಪಟ್ಟಿಯ ಎರಡು ಅಂಚುಗಳಿಂದ ೧೨, ೧೨ ಎತ್ತಿಕೊಂಡು ಬಿಟ್ಟಿದ್ದ ೨೪ನ್ನು ಸೇರಿಸಿದರೆ ೬೨. ಮೆಲ್ಲಮೆಲ್ಲನೆ ಕಡಮೆ ಮಾಡಿ ಮತ್ತೆ ೪೮ಕ್ಕೆ ತಂದರೆ ಪಾದದ ಭಾಗ. ಈ ಗಣಿತದಲ್ಲಿ ಒಂದು ತಪ್ಪಿದರೂ ಹಿಮ್ಮಡಿ ಸೊಟ್ಟಗಾಗುತ್ತದೆ. ಕಪ್ಪು ಉಣ್ಣೆಯ ಮೇಲೆ ಈ ಲೆಕ್ಕವನ್ನು ಹಿಡಿಯುವುದೇ ಮನೆಯವರಿಗೆ ಅಸಾಧ್ಯವಾಗಿದ್ದದ್ದು.

ಮುದುಕಿ ಕೇಳಿ, ಸ್ವಲ್ಪ ನಕ್ಕಳು. ಹೆಣೆಯಬೇಕಾಗಿದ್ದ ಪಟ್ಟಿಯನ್ನು ಹೆಣೆದು, ನಡುವೆ ಒಂದು ಬಿಳಿಯ ಎಳೆಯ ಗುರುತು ಕಟ್ಟಿ, ತಿರುವಿನ ಎರಡು ಸಾಲುಗಳನ್ನು ಹಾಕಿದಳು. ಆಮೇಲೆ ಮನೆಯವರ ತೋರುಬೆರಳನ್ನು ಹಿಡಿದು ಕಡ್ಡಿಯ ಉದ್ದಕ್ಕೆ ಸವರಿಸಿದಳು. “ಇಲ್ಲಿ ಸಂದು ತಿಳಿಯಿತೇ? ನೀವು ಹಿಂದಿರುಗಿದ ಜಾಗದಲ್ಲಿ ಕುಣಿಕೆಗಳು ಒಂದಕ್ಕೊಂದು ದೂರವಾಗಿ ನಿಲ್ಲುತ್ತವೆ. ಎಣಿಸುವುದು ಮೊದಲ ಎರಡು ಸಾಲಿಗೆ ಮಾತ್ರ. ಆಮೇಲೆ ಆ ಸಂದು ಸಿಕ್ಕುವವರೆಗೆ ಹೆಣೆಯಿರಿ, ಅದರ ಈಚೆಯದನ್ನೂ ಆಚೆಯದನ್ನೂ ಕೂಡಿಸಿ, ಇನ್ನೊಂದು ಹಾಕಿ, ತಿರುಗಿ. ನಮ್ಮ ಅತ್ತೆ ಚಳಿಗಾಲದ ರಾತ್ರಿಯಲ್ಲಿ ಒಲೆಯ ಬೆಳಕಿನಲ್ಲಿ ಹೆಣೆದವಳು. ಎಣಿಸಿದ್ದನ್ನು ನಾನು ಕಾಣೆ.”

ನಲವತ್ತು ವರ್ಷ ಹೆಣೆದ ಕೈಗೆ ಗೊತ್ತಿದ್ದದ್ದೇ ಅದು. ಬಾಯಿಲೆಕ್ಕವನ್ನೇ ನಂಬಿದ್ದುದರಿಂದ ಬೆರಳನ್ನು ಎಂದೂ ಕೇಳಿರಲಿಲ್ಲ. ಮುದುಕಿ ತಾನು ಹಾಕಿದ್ದನ್ನು ಸರ್ರನೆ ಬಿಚ್ಚಿ ಕೈಗೆ ಕೊಟ್ಟಳು. ಮೊದಲ ಸಾಲುಗಳಿಗೆ ನಾವು ಎಣಿಸಿ ಹೇಳಿದೆವು. ಅಲ್ಲಿಂದ ಮುಂದೆ ಮನೆಯವರು ಕಣ್ಣು ಮುಚ್ಚಿಕೊಂಡರು. ಕಡ್ಡಿ ಹೋಗುತ್ತದೆ, ಬೆರಳು ತಡೆಯುತ್ತದೆ, ಕೂಡಿಸುತ್ತದೆ, ತಿರುಗುತ್ತದೆ. ಅರ್ಧ ಗಂಟೆಯೊಳಗೆ ಹಿಮ್ಮಡಿ ಸಿದ್ಧವಾಯಿತು. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು, ಹೆಬ್ಬೆರಳನ್ನು ಒಳಗಿಟ್ಟು, ಮಾತಿಲ್ಲದೆ ಬಹಳ ಹೊತ್ತು ಕುಳಿತಿದ್ದರು.

ಆಮೇಲೆ ಅವರು ಮಾಡಿದ ಕೆಲಸ ನಮಗೆ ಅರ್ಥವಾಗಲಿಲ್ಲ. ಕಡ್ಡಿಯನ್ನು ಎಳೆದು, ಆ ತಿರುವಿನಷ್ಟನ್ನೂ ಬಿಚ್ಚಿ, ಕುಣಿಕೆಗಳನ್ನು ಮತ್ತೆ ಕಡ್ಡಿಗೇರಿಸಿ, ನಮ್ಮ ಮುಂದೆ ಹಿಡಿದರು. “ಈಗ ನೀವು. ಒಂದು ದಿನ ನನ್ನ ಬೆರಳೂ ಮರೆಯಬಹುದು. ಮನೆಯಲ್ಲಿ ಇಬ್ಬರಿಗೆ ಗೊತ್ತಿರಲಿ” ಎಂದರು.

ವಾಚಕರೇ, ಅರವತ್ತರ ಪ್ರಾಯದಲ್ಲಿ ವಿದ್ಯಾರ್ಥಿಯಾಗುವುದು ಸುಲಭವಲ್ಲ. ಎರಡು ದಿನ ನಾವು ಆ ಜಗಲಿ ಬಿಟ್ಟು ಏಳಲಿಲ್ಲ. ವಿಹಾರ ಇದಿರಿನಲ್ಲೇ ಉಳಿಯಿತು. ಮೊದಲು ಉಣ್ಣೆಯ ತುಂಡಿನ ಮೇಲೆ ಸೀದಾ ಉಲ್ಟಾಗಳ ಅಕ್ಷರಾಭ್ಯಾಸ. “ಮಾಸ್ಟರ್‌ಜೀ, ಇಷ್ಟು ಬಿಗಿಯಾಗಿ ಎಳೆಯಬೇಡಿ, ಕಡ್ಡಿ ಒಳಗೆ ಹೋಗಲು ಜಾಗ ಬೇಕಲ್ಲ” ಎಂದು ಮುದುಕಿ ಎಷ್ಟು ಸಲ ಹೇಳಿದಳೋ! ಎರಡನೆಯ ದಿನ ಹಿಮ್ಮಡಿಗೆ ಕೈಹಾಕಿದೆವು. ಏಳನೆಯ ಸಾಲಿನಲ್ಲಿ ಕಡ್ಡಿಯೊಂದು ಜಾರಿ, ಕುಣಿಕೆಗಳು ಒಂದಾದ ಮೇಲೊಂದು ಓಡಿಹೋದುವು. ಆ ಕ್ಷಣದಲ್ಲಿ ನಮಗೆ ಮೂವತ್ತು ವರ್ಷದ ಹಿಂದಿನ ಒಂದು ದೃಶ್ಯ ಕಣ್ಣಿಗೆ ಕಟ್ಟಿತು.

ಆಗ ನಾವಿದ್ದ ಪಾಠಶಾಲೆಯಲ್ಲಿ ಹೆಣ್ಣುಮಕ್ಕಳ ಹೊಲಿಗೆ ಹೆಣಿಗೆಗೆ ವಾರಕ್ಕೆರಡು ಗಂಟೆಯಿತ್ತು. ಪರೀಕ್ಷೆ ಹತ್ತಿರವಾಯಿತೆಂದು ಮುಖ್ಯೋಪಾಧ್ಯಾಯರಿಗೆ ಹೇಳಿ ಆ ಗಂಟೆಗಳನ್ನು ವ್ಯಾಕರಣಕ್ಕೆ ತೆಗೆದುಕೊಂಡವರು ನಾವೇ. ಒಬ್ಬ ಹುಡುಗಿ ಮೇಜಿನ ಕೆಳಗೆ ಏನನ್ನೋ ಹೆಣೆಯುತ್ತಿದ್ದಳು; ತಮ್ಮನಿಗೆ ಕುಲಾವಿ ಎಂದು ಆಮೇಲೆ ತಿಳಿಯಿತು. ಕೋಪದಿಂದ ಕಡ್ಡಿಗಳನ್ನು ಎಳೆದುಬಿಟ್ಟೆವು. ಅದು ಹೀಗೆಯೇ ಸಾಲುಸಾಲಾಗಿ ಬಿಚ್ಚಿಹೋಯಿತು. ಅವಳು ಅಳಲಿಲ್ಲ, ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಧಾತುರೂಪವನ್ನು ಒಪ್ಪಿಸಿದಳು. ನಾವು ಮೆಚ್ಚಿಕೊಂಡು ಮುಂದಿನ ಪಾಠಕ್ಕೆ ಹೋದೆವು. ಎಷ್ಟು ದಿವಸಗಳ ಕೆಲಸವನ್ನು ನಾವು ಕೆಡಿಸಿದೆವೆಂಬುದು ಆ ಜಗಲಿಯ ಮೇಲೆ ನಮ್ಮ ಏಳು ಸಾಲು ಬಿಚ್ಚಿದಾಗ ತಿಳಿಯಿತು. ಆ ಹುಡುಗಿ ಈಗ ಎಲ್ಲಿರುವಳೋ ನಾವರಿಯೆವು. ಕ್ಷಮೆ ಕೇಳುವ ದಾರಿಯಿಲ್ಲ. ರಾತ್ರಿ ಇದನ್ನು ಮನೆಯವರಿಗೆ ಹೇಳಿದೆವು. ಅವರು ಸಮಾಧಾನದ ಮಾತೇನೂ ಆಡಲಿಲ್ಲ. “ನಾಳೆ ಮತ್ತೆ ಹಾಕಿ” ಎಂದರು.

ಮತ್ತೆ ಹಾಕಿದೆವು. ಹೆಣಿಗೆಯಲ್ಲಿ ತಪ್ಪಿಗೆ ಇಷ್ಟು ದಯೆ ಇದೆ: ಬಿಚ್ಚಿದ ಎಳೆ ನಷ್ಟವಾಗುವುದಿಲ್ಲ. ಉಣ್ಣೆಗೆ ಸಂಸ್ಕೃತದಲ್ಲಿ ಊರ್ಣಾ ಎಂದು ಹೆಸರು. ನಮ್ಮ ಉಣ್ಣೆ ಅದರಿಂದಲೇ ಬಂದದ್ದು. ಜೇಡನಿಗೆ ಊರ್ಣನಾಭ ಎಂಬ ಹೆಸರೂ ಅಲ್ಲಿಂದಲೇ. ಜೇಡ ತಾನು ಹೊರಬಿಟ್ಟ ಎಳೆಯನ್ನು ತಾನೇ ಒಳಗೆ ತೆಗೆದುಕೊಳ್ಳುವಂತೆ ಎಂಬ ಮುಂಡಕೋಪನಿಷತ್ತಿನ ಉಪಮೆಯನ್ನು ಎಷ್ಟೋ ಸಲ ಪಾಠ ಹೇಳಿದ್ದೆವು; ಉಂಡೆಗೆ ಎಳೆ ಹಿಂದಿರುಗುವುದನ್ನು ಕೈಯಾರೆ ಕಂಡದ್ದು ಈಗಲೇ. ಗ್ರಂಥವೆಂಬ ಪದಕ್ಕೂ ಮೂಲದಲ್ಲಿ ಗಂಟುಹಾಕುವುದು, ಪೋಣಿಸುವುದು ಎಂದೇ ಅರ್ಥ. ಸೂತ್ರವೆಂದರೆ ದಾರ. ಹೀಗಿರಲು ನಮ್ಮ ವಿದ್ಯೆ ಹೆಣಿಗೆಗಿಂತ ದೊಡ್ಡದೆಂದು ನಮಗೆ ಹೇಳಿಕೊಟ್ಟವರಾರು?

ಮೂರನೆಯ ದಿನ ಮಧ್ಯಾಹ್ನ ಹಿಮ್ಮಡಿ ಮುಗಿಯಿತು. ಮುದುಕಿ ಅದನ್ನು ಹಿಂದೆ ಮುಂದೆ ನೋಡಿ, “ಬೆಚ್ಚಗಿರುತ್ತದೆ” ಎಂದಳು. ಚೆನ್ನಾಗಿದೆ ಎನ್ನಲಿಲ್ಲ. ಪಾದದ ಭಾಗವನ್ನು ಮನೆಯವರು ಹಿಂದಿರುಗುವ ರೈಲಿನಲ್ಲಿ ಹೆಣೆದು ಮುಗಿಸಿದರು.

ಅಂಗಡಿಯಲ್ಲಿ ಯಂತ್ರದ ಕಾಲುಚೀಲ ಅಗ್ಗವಾಗಿ ದೊರೆಯುವಾಗ ಇಷ್ಟು ಶ್ರಮವೇಕೆಂದು ಕೇಳುವವರುಂಟು. ಕೇಳಿಕೆ ಹೊಸದಲ್ಲ. ಇಂಗ್ಲೆಂಡಿನ ವಿಲಿಯಂ ಲೀ ಎಂಬಾತ ೧೫೮೯ರಲ್ಲಿಯೇ ಕಾಲುಚೀಲ ಹೆಣೆಯುವ ಯಂತ್ರವನ್ನು ಮಾಡಿದ್ದ. ಕೈಕೆಲಸದವರ ಅನ್ನ ಹೋದೀತೆಂದು ಎಲಿಜಬೆತ್ ರಾಣಿ ಅದಕ್ಕೆ ಹಕ್ಕುಪತ್ರ ಕೊಡಲಿಲ್ಲವೆಂದು ಪ್ರತೀತಿ. ಕೊನೆಗೆ ಯಂತ್ರವೇ ಗೆದ್ದಿತು. ಆದರೂ ಕೈಯ ಕೆಲಸ ನಿಲ್ಲಲಿಲ್ಲ. ಲಂಡನ್ನಿನ ವಸ್ತುಸಂಗ್ರಹಾಲಯವೊಂದರಲ್ಲಿ ಈಜಿಪ್ಟಿನ ಮರಳಿನಲ್ಲಿ ಸಿಕ್ಕಿದ, ಒಂದೇ ಸೂಜಿಯಿಂದ ಮಾಡಿದ ಕೆಂಪು ಉಣ್ಣೆಯ ಕಾಲುಚೀಲಗಳಿವೆ. ಕ್ರಿಸ್ತಶಕ ಮೂರರಿಂದ ಐದನೆಯ ಶತಮಾನದೊಳಗಿನವು. ಚಪ್ಪಲಿಯ ಬಾರಿಗೆಂದು ಹೆಬ್ಬೆರಳಿನ ಭಾಗ ಬೇರೆಯಾಗಿದೆ. ಅಂದಿನ ಯಾರದೋ ಪಾದದ ಅಳತೆ ಅದರಲ್ಲಿ ಇನ್ನೂ ಇದೆ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸದೆ, ಎಳೆಗಳ ನಡುವೆ ಗಾಳಿಯನ್ನು ಹಿಡಿದು ಕಾಲನ್ನು ಬೆಚ್ಚಗಿಡುವುದು ಸೃಷ್ಟಿಯ ಗುಣ. ಒಂದು ಪಾದವನ್ನು ನೆನೆದು ಸಾವಿರಾರು ಕುಣಿಕೆ ಹಾಕುವುದು ಮನುಷ್ಯನ ಗುಣ. ಯಂತ್ರ ಯಾವ ಪಾದವನ್ನೂ ನೆನೆಯಲಾರದು.

ದೀಪಾವಳಿಗೆ ಮುಂಚೆ ಅಂಚೆ ಹೋಯಿತು. ವಿಳಾಸವನ್ನು ಎಂದಿನಂತೆ ನಾವೇ ಬರೆದೆವು. ತಿಂಗಳ ಮೇಲೆ ಮಗಳು ದೂರವಾಣಿಯಲ್ಲಿ, “ಅಮ್ಮಾ, ಒಂದರ ಹಿಮ್ಮಡಿ ಒಂದು ಥರ ಗಂಟುಗಂಟಾಗಿದೆ. ಕಣ್ಣು ತೀರ ಕಷ್ಟವಾಗಿದೆಯೇ?” ಎಂದು ಆತಂಕದಿಂದ ಕೇಳಿದಳು. “ಅದು ನನ್ನ ಕಣ್ಣಲ್ಲವೇ, ನಿಮ್ಮ ಅಪ್ಪನ ಕೈ” ಎಂದರು ಇವರು. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ.

ಕಣ್ಣು ಸುಧಾರಿಸಿಲ್ಲ, ಸುಧಾರಿಸುವುದಿಲ್ಲವೆಂದು ವೈದ್ಯರು ಮೊದಲೇ ಹೇಳಿದ್ದಾರೆ. ಸಾಯಂಕಾಲ ನಾವು ಜಗಲಿಯಲ್ಲಿ ಓದಿ ಹೇಳುತ್ತೇವೆ. ಅವರು ಹೆಣೆಯುತ್ತ ಕೇಳುತ್ತಾರೆ. ಬಿಸಿಲೂರಿನಲ್ಲಿ ಉಣ್ಣೆಯ ಉಂಡೆಯನ್ನು ಕಂಡು ನೆರೆಯವರು ನಗುವುದುಂಟು. ಕತ್ತಲಾಗುತ್ತ ಬಂದಾಗ ನಾವು, “ದೀಪ ಹಾಕಲೇ?” ಎಂದು ಕೇಳುತ್ತೇವೆ.

“ನಿಮಗೆ ಓದಲು ಬೇಕಾದರೆ ಹಾಕಿ” ಎನ್ನುತ್ತಾರೆ.